ಹಿಂದಿನ ಸೀಟಿನ ಪ್ರಯಾಣಿಕರು

ಯಾರಿಗೂ ಬೇಡವಾದ ನಾಯಿಯೊಂದು ಉಳಿಯುತ್ತದೆಯೋ ಅಳಿಯುತ್ತದೆಯೋ ಎಂಬುದು ಅದರ ಗುಣಸ್ವಭಾವಕ್ಕಿಂತ, ಆರೋಗ್ಯಕ್ಕಿಂತ ಹೆಚ್ಚಾಗಿ ಅದು ಯಾವ ಊರಿನಲ್ಲಿದೆ ಎಂಬುದನ್ನೇ ಅವಲಂಬಿಸಿರುತ್ತದೆ. ಅಮೆರಿಕದ ದಕ್ಷಿಣ ರಾಜ್ಯಗಳ ಸಣ್ಣ ಊರುಗಳಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವವರು ಕಡಿಮೆ, ಹುಟ್ಟುವ ಮರಿಗಳು ಹೆಚ್ಚು, ಆಶ್ರಯಧಾಮಗಳಲ್ಲಿ ಜಾಗವಂತೂ ಯಾವಾಗಲೂ ಸಾಲದು. ಅದೇ ದೇಶದ ಈಶಾನ್ಯ ರಾಜ್ಯಗಳಲ್ಲಿ ನಾಯಿಯೊಂದನ್ನು ದತ್ತು ಪಡೆಯಲು ಜನ ಹೆಸರು ಬರೆಸಿ ಕಾಯುತ್ತಾರೆ. ಒಂದು ಕಡೆ ಜಾಗವಿಲ್ಲದೆ ಆರೋಗ್ಯವಂತ ನಾಯಿಗಳಿಗೆ ಸಾವಿನ ಚುಚ್ಚುಮದ್ದು, ಇನ್ನೊಂದು ಕಡೆ ಖಾಲಿ ಅಂಗಳ. ಇವೆರಡರ ನಡುವೆ ಇರುವುದು ಸಾವಿರ, ಒಂದೂವರೆ ಸಾವಿರ ಕಿಲೋಮೀಟರಿನ ದಾರಿ ಮಾತ್ರ. ಎಎಸ್‌ಪಿಸಿಎ ಎಂಬ ಅಲ್ಲಿನ ಹಳೆಯ ಪ್ರಾಣಿದಯಾ ಸಂಸ್ಥೆ 2019ರಲ್ಲಿ ಮಾಡಿದ ಅಂದಾಜಿನಂತೆ ಇಡೀ ದೇಶದಲ್ಲಿ ವರ್ಷಕ್ಕೆ ಸುಮಾರು 63 ಲಕ್ಷ ನಾಯಿ ಬೆಕ್ಕುಗಳು ಆಶ್ರಯಧಾಮ ಸೇರುತ್ತಿದ್ದವು. ಅವುಗಳಲ್ಲಿ 9 ಲಕ್ಷ 20 ಸಾವಿರದಷ್ಟು ಅಲ್ಲಿಯೇ ಪ್ರಾಣ ಬಿಡುತ್ತಿದ್ದವು. 2011ರಲ್ಲಿ ಈ ಸಂಖ್ಯೆ 26 ಲಕ್ಷವಿತ್ತು. ಇಳಿಕೆಗೆ ಕಾರಣಗಳು ಹಲವು, ಮೊದಲನೆಯದು ಸಂತಾನಹರಣವೇ. ಆದರೆ ನಡುವಿನ ದಾರಿಯನ್ನು ತುಂಬಿಕೊಟ್ಟವರ ಪಾಲೂ ಅದರಲ್ಲಿದೆ. ಆ ಪೈಕಿ ನನ್ನ ಮನಸ್ಸನ್ನು ಬಹುಕಾಲದಿಂದ ಹಿಡಿದಿಟ್ಟಿರುವವರು ಸ್ವಂತ ಪುಟ್ಟ ವಿಮಾನಗಳಲ್ಲಿ, ಸ್ವಂತ ಖರ್ಚಿನಲ್ಲಿ ಈ ಪ್ರಾಣಿಗಳನ್ನು ಹೊತ್ತು ಹಾರುವ ಪೈಲಟ್‌ಗಳು.

ಈ ಕೆಲಸಕ್ಕೆ ಒಂದು ಸಂಸ್ಥೆಯ ರೂಪ ಬಂದದ್ದು 2008ರಲ್ಲಿ. ದಕ್ಷಿಣ ಕ್ಯಾರೊಲಿನಾದ ಡೆಬಿ ಬೋಯಸ್ ಎಂಬ ಮಹಿಳೆ ಫ್ಲೋರಿಡಾದಲ್ಲಿದ್ದ ಡಾಬರ್‌ಮನ್ ನಾಯಿಯೊಂದನ್ನು ದತ್ತು ಪಡೆಯಲು ಒಪ್ಪಿ, ಅದನ್ನು ತರುವ ದಾರಿ ಹುಡುಕುತ್ತಿದ್ದರು. ಅವರ ಪರಿಚಯದ ಪೈಲಟ್ ಜಾನ್ ವೆರೆನ್‌ಬರ್ಗ್ ತಾವೇ ಹಾರಿಸಿ ತಂದುಕೊಡುವುದಾಗಿ ಹೇಳಿದರು. ಒಂದು ನಾಯಿಯ ನೆಪದಲ್ಲಿ ಇಬ್ಬರಿಗೂ ತಿಳಿದುಬಂದ ಸಂಗತಿಯೆಂದರೆ, ದೇಶದುದ್ದಕ್ಕೂ ಇಂಥ ನಾಯಿಗಳು ಸಾವಿರಾರಿವೆ ಮತ್ತು ಹಾರಲು ನೆಪ ಹುಡುಕುವ ಹವ್ಯಾಸಿ ಪೈಲಟ್‌ಗಳೂ ಸಾವಿರಾರು ಮಂದಿ ಇದ್ದಾರೆ. ಆ ನಾಯಿಗಳನ್ನೂ ಈ ಪೈಲಟ್‌ಗಳನ್ನೂ ಒಂದೆಡೆ ಸೇರಿಸುವವರು ಮಾತ್ರ ಇರಲಿಲ್ಲ. ಪೈಲಟ್ಸ್ ಎನ್ ಪಾಸ್ ಎಂಬ ಸಂಸ್ಥೆ ಹುಟ್ಟಿದ್ದು ಹಾಗೆ. ಇದಕ್ಕೆ ತನ್ನದೇ ವಿಮಾನಗಳ ದಂಡಿಲ್ಲ. ಯಾವ ಊರಿನಿಂದ ಯಾವ ಊರಿಗೆ ಎಷ್ಟು ತೂಕದ ಪ್ರಾಣಿ ಹೋಗಬೇಕು ಎಂದು ಆಶ್ರಯಧಾಮದವರು ತಿಳಿಸುತ್ತಾರೆ. ಆ ಹಾದಿಯಲ್ಲಿ ವಾರಾಂತ್ಯಕ್ಕೆ ಬಿಡುವಿರುವ ಪೈಲಟ್ ಒಪ್ಪಿಕೊಳ್ಳುತ್ತಾರೆ. ಮುಂದಿನದನ್ನೆಲ್ಲ ಅವರವರೇ ಮಾತಾಡಿಕೊಳ್ಳುತ್ತಾರೆ.

ದೂರ ಹೆಚ್ಚಾದರೆ ಒಬ್ಬರೇ ಇಡೀ ದಾರಿಯನ್ನು ಹಾರಬೇಕೆಂದಿಲ್ಲ. ಒಬ್ಬರು ನಾನೂರು ಐನೂರು ಕಿಲೋಮೀಟರ್ ಒಯ್ದು ಒಂದು ಸಣ್ಣ ನಿಲ್ದಾಣದಲ್ಲಿ ಇಳಿಯುತ್ತಾರೆ, ಅಲ್ಲಿ ಕಾದಿರುವ ಇನ್ನೊಬ್ಬರು ಪಂಜರಗಳನ್ನು ತಮ್ಮ ವಿಮಾನಕ್ಕೆ ಏರಿಸಿಕೊಂಡು ಮುಂದೆ ಹೊರಡುತ್ತಾರೆ. ನಾನಿರುವ ಮುಂಬಯಿಯ ವಿಲೆ ಪಾರ್ಲೆಯಿಂದ ಕೂಗಳತೆಯಲ್ಲಿರುವ ಜುಹು ವಿಮಾನ ನಿಲ್ದಾಣಕ್ಕೆ ಈ ಕ್ರಮ ಹೊಸದೇನಲ್ಲ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಪುಸ್ ಮಾತ್ ವಿಮಾನದಲ್ಲಿ ಟಪಾಲು ತಂದು ಇಳಿದದ್ದು ಇಲ್ಲಿಯೇ. ಇಲ್ಲಿಂದ ಅದನ್ನು ಬಳ್ಳಾರಿಯ ಮೂಲಕ ಮದ್ರಾಸಿಗೆ ಒಯ್ದವರು ಅವರ ಜೊತೆಗಾರ ನೆವಿಲ್ ವಿನ್ಸೆಂಟ್. ಸಣ್ಣ ವಿಮಾನದ ಶಕ್ತಿಗೆ ಮಿತಿಯಿದೆ, ಒಬ್ಬ ಪೈಲಟ್‌ನ ದೇಹಕ್ಕೂ ಮಿತಿಯಿದೆ. ಆ ಮಿತಿಯೊಳಗೇ ದೂರದ ಕೆಲಸ ಮಾಡಬೇಕಾದರೆ ಹಾದಿಯನ್ನು ತುಂಡು ಮಾಡಿ ಹಂಚಿಕೊಳ್ಳುವುದೊಂದೇ ಉಪಾಯ.

ವಿಮಾನವೆಂದರೆ ಸಾಮಾನ್ಯವಾಗಿ ಸೆಸ್ನಾ 172 ಅಥವಾ ಅದೇ ಅಳತೆಯ ಪೈಪರ್. ನಾಲ್ಕು ಸೀಟು, ಒಂದು ಎಂಜಿನ್, ಗಂಟೆಗೆ ಸುಮಾರು 220 ಕಿಲೋಮೀಟರ್ ವೇಗ, ಗಂಟೆಗೆ 30ರಿಂದ 35 ಲೀಟರ್ ಪೆಟ್ರೋಲು. ಟ್ಯಾಂಕ್ ಪೂರ್ತಿ ತುಂಬಿಸಿದರೆ ಪೈಲಟ್ ಸೇರಿ ಹೊರಬಹುದಾದ ತೂಕ 250 ಕಿಲೋದ ಆಸುಪಾಸು. ಆದ್ದರಿಂದ ಆಶ್ರಯಧಾಮದವರು ಹೇಳುವ ತೂಕ ಅಂದಾಜಿನದಾಗಿರಬಾರದು, ತಕ್ಕಡಿಯದಾಗಿರಬೇಕು. ಎಷ್ಟು ತೂಕ ಎಂಬುದು ಮುಖ್ಯವಾದಷ್ಟೇ ಎಲ್ಲಿ ತೂಕ ಎಂಬುದೂ ಮುಖ್ಯ. ದೊಡ್ಡ ನಾಯಿಯನ್ನು ತೀರಾ ಹಿಂದೆ ಕೂರಿಸಿದರೆ ವಿಮಾನದ ಗುರುತ್ವ ಕೇಂದ್ರ ಹಿಂದಕ್ಕೆ ಸರಿದು ಅದರ ಹಿಡಿತವೇ ತಪ್ಪಬಹುದು. ಹಾರಾಟದ ನಡುವೆ ನಾಯಿ ಸಡಿಲವಾಗಿ ಓಡಾಡಿದರೂ ಅದೇ ಅಪಾಯ. ಅದಕ್ಕೇ ಹಿಂದಿನ ಸೀಟುಗಳನ್ನು ಬಿಚ್ಚಿ, ಪಂಜರಗಳನ್ನು ಪಟ್ಟಿಯಿಂದ ನೆಲಕ್ಕೆ ಬಿಗಿಯುತ್ತಾರೆ. ಇಂಥ ವಿಮಾನದೊಳಗೆ ಗಾಳಿಯ ಒತ್ತಡವನ್ನು ಕಾಯ್ದುಕೊಳ್ಳುವ ವ್ಯವಸ್ಥೆ ಇರುವುದಿಲ್ಲವಾದ್ದರಿಂದ ಹತ್ತು ಸಾವಿರ ಅಡಿಯ ಕೆಳಗೇ ಹಾರುವುದು ವಾಡಿಕೆ, ಪಗ್‌ನಂಥ ಗಿಡ್ಡ ಮೂತಿಯ ನಾಯಿಗಳಿದ್ದರೆ ಇನ್ನೂ ಕೆಳಗೆ. ಮಂಪರು ಬರಿಸುವ ಔಷಧಿಯನ್ನು ಪಶುವೈದ್ಯರು ಬೇಡವೆನ್ನುತ್ತಾರೆ. ಎತ್ತರದಲ್ಲಿ ಅದು ಉಸಿರನ್ನೂ ರಕ್ತದೊತ್ತಡವನ್ನೂ ಕುಗ್ಗಿಸುತ್ತದೆ. ಅದರ ಅಗತ್ಯವೂ ಹೆಚ್ಚಾಗಿ ಬೀಳುವುದಿಲ್ಲ. ಎಂಜಿನ್ನಿನ ಒಂದೇ ಶ್ರುತಿಯ ಸದ್ದಿಗೆ, ತೆಳುವಾದ ಗಾಳಿಗೆ ಬಹುಪಾಲು ನಾಯಿಗಳು ಟೇಕಾಫ್ ಆದ ಸ್ವಲ್ಪ ಹೊತ್ತಿನಲ್ಲೇ ಮಲಗಿಬಿಡುತ್ತವೆ ಎಂದು ಹಾರಿಸಿದವರೆಲ್ಲ ಹೇಳುತ್ತಾರೆ. ವ್ಯಾನಿನಲ್ಲಿ ಹದಿನಾಲ್ಕು ಗಂಟೆ ಹಿಡಿಯುವ ದಾರಿ ಇಲ್ಲಿ ಐದಾರು ಗಂಟೆಗೆ ಮುಗಿಯುತ್ತದೆ. ಮುದಿನಾಯಿಗೆ, ಕಾಲು ಮುರಿದ ನಾಯಿಗೆ, ಹಾಲು ಕುಡಿಯುವ ಮರಿಗಳ ತಾಯಿಗೆ ಈ ವ್ಯತ್ಯಾಸವೇ ಜೀವ.

ಖರ್ಚು ಪೂರ್ತಿ ಪೈಲಟ್‌ನದು. ಅಮೆರಿಕದ ವಿಮಾನಯಾನ ನಿಯಮದಂತೆ ಖಾಸಗಿ ಲೈಸೆನ್ಸ್ ಇರುವವರು ಸಂಭಾವನೆ ಪಡೆದು ಯಾರನ್ನೂ ಯಾವುದನ್ನೂ ಒಯ್ಯುವಂತಿಲ್ಲ, ನಾಯಿ ಕಳಿಸಿದವರಿಂದ ಇಂಧನದ ಹಣವನ್ನೂ ಪಡೆಯುವಂತಿಲ್ಲ. ನೋಂದಾಯಿತ ದತ್ತಿ ಸಂಸ್ಥೆಗಾಗಿ ಹಾರಿದಾಗ ಆ ಇಂಧನವನ್ನು ದಾನವೆಂದು ಆದಾಯ ತೆರಿಗೆಯಲ್ಲಿ ತೋರಿಸಬಹುದಷ್ಟೆ. ಈ ನಿರ್ಬಂಧ ಒಳ್ಳೆಯದೇ ಆಯಿತೆಂದು ನನಗೆ ತೋರುತ್ತದೆ. ಬಾಡಿಗೆ ಬೇಕಾದವರು ಆರಂಭದಲ್ಲೇ ದೂರ ಉಳಿದರು, ಕೆಲಸ ಬೇಕಾದವರು ಉಳಿದುಕೊಂಡರು. ವಯೋಮಿಂಗ್ ರಾಜ್ಯದ ಪೀಟರ್ ರೋರ್ಕ್ ಮೂಳೆ ಶಸ್ತ್ರವೈದ್ಯರಾಗಿದ್ದವರು. ಹೆಂಡತಿ ತೀರಿಕೊಂಡ ನಂತರ 2012ರಲ್ಲಿ ಡಾಗ್ ಈಸ್ ಮೈ ಕೋಪೈಲಟ್ ಎಂಬ ಸಂಸ್ಥೆ ಕಟ್ಟಿ, ಸೆಸ್ನಾ ಕ್ಯಾರವಾನ್‌ನಂಥ ದೊಡ್ಡ ವಿಮಾನದಲ್ಲಿ ಒಮ್ಮೆಗೇ ಹತ್ತಾರು ನಾಯಿ ಬೆಕ್ಕುಗಳನ್ನು ಪಶ್ಚಿಮ ರಾಜ್ಯಗಳುದ್ದಕ್ಕೂ ಸಾಗಿಸತೊಡಗಿದರು. ದುಃಖವನ್ನು ಹೀಗೆ ಕೆಲಸವಾಗಿ ಬದಲಿಸಿಕೊಂಡವರ ಮುಂದೆ ನಾನು ತಲೆಬಾಗುತ್ತೇನೆ.

ಅಪಾಯವಿಲ್ಲದ ಕೆಲಸವೂ ಇದಲ್ಲ. 2024ರ ನವೆಂಬರ್ 24ರಂದು ಮೇರಿಲ್ಯಾಂಡಿನಿಂದ ಆಲ್ಬನಿಗೆ ಮೂರು ನಾಯಿಗಳನ್ನು ಒಯ್ಯುತ್ತಿದ್ದ ಸ್ವಯಂಸೇವಕ ಪೈಲಟ್ ಒಬ್ಬರ ವಿಮಾನ ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್ ಬೆಟ್ಟಗಳಲ್ಲಿ ಬಿದ್ದು ಅವರು ತೀರಿಕೊಂಡರು. ಒಂದು ಮರಿಯೂ ಸತ್ತಿತು. ಉಳಿದ ಎರಡು ನಾಯಿಗಳು ಹಿಮದ ನಡುವೆ ಬದುಕಿ ಸಿಕ್ಕವು. ಆ ಸುದ್ದಿ ಓದಿದ ದಿನ ನನಗೆ ಬೇರೆ ಯಾವ ಕೆಲಸಕ್ಕೂ ಮನಸ್ಸಾಗಲಿಲ್ಲ. ನಾಯಿಗಾಗಿ ಮನುಷ್ಯ ಸಾಯಬೇಕೇ ಎಂದು ಕೇಳಿದವರಿದ್ದಾರೆ. ಅವರು ಸಾಯಲು ಹೋದವರಲ್ಲ, ಬದುಕಿಸಲು ಹೋದವರು ಎಂಬುದಕ್ಕಿಂತ ಹೆಚ್ಚಿನ ಉತ್ತರ ನನ್ನಲ್ಲಿಲ್ಲ.

ನಾಯಿಗಳಷ್ಟೇ ಅಲ್ಲ, ಕಡಲಾಮೆಗಳೂ ಹಾರುತ್ತವೆ. ಮ್ಯಾಸಚೂಸೆಟ್ಸ್‌ನ ಕೇಪ್ ಕಾಡ್ ಎಂಬ ಭೂಭಾಗ ಸಮುದ್ರದೊಳಕ್ಕೆ ಕೊಂಡಿಯಂತೆ ಬಾಗಿದೆ. ಬೇಸಿಗೆಯ ಬಿಸಿನೀರನ್ನು ನಂಬಿ ಉತ್ತರಕ್ಕೆ ಬಂದ ಕೆಂಪ್ಸ್ ರಿಡ್ಲಿ ಜಾತಿಯ ಎಳೆಯ ಆಮೆಗಳು ಚಳಿ ಶುರುವಾದಾಗ ದಕ್ಷಿಣಕ್ಕೆ ತಿರುಗಲು ಹೋಗಿ ಆ ಕೊಂಡಿಯೊಳಗೆ ಸಿಕ್ಕಿಕೊಳ್ಳುತ್ತವೆ. ನೀರಿನ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದಾಗ ಅವುಗಳ ಮೈ ಮರಗಟ್ಟಿ, ಈಜಲಾರದೆ ತೇಲುತ್ತ ದಡಕ್ಕೆ ಬಂದು ಬೀಳುತ್ತವೆ. ನವೆಂಬರ್ ಡಿಸೆಂಬರ್‌ನ ಕೊರೆಯುವ ರಾತ್ರಿಗಳಲ್ಲಿ ಸ್ವಯಂಸೇವಕರು ಟಾರ್ಚ್ ಹಿಡಿದು ತೀರದಲ್ಲಿ ನಡೆದು ಅವನ್ನು ಹೆಕ್ಕುತ್ತಾರೆ. ಆಸ್ಪತ್ರೆಯಲ್ಲಿ ದಿನಕ್ಕೆ ಎರಡು ಮೂರು ಡಿಗ್ರಿಯಂತೆ ನಿಧಾನವಾಗಿ ಮೈ ಬೆಚ್ಚಗಾಗಿಸುತ್ತಾರೆ, ಏಕೆಂದರೆ ಅವಸರ ಮಾಡಿದರೆ ಹೃದಯ ನಿಲ್ಲಬಹುದು. 2014ರ ಚಳಿಗಾಲದಲ್ಲಿ 1,200ಕ್ಕೂ ಹೆಚ್ಚು ಆಮೆಗಳು ದಡಕ್ಕೆ ಬಂದು ಆಸ್ಪತ್ರೆಯ ತೊಟ್ಟಿಗಳೆಲ್ಲ ತುಂಬಿಹೋದವು. ಬೆಚ್ಚಗಾದವುಗಳನ್ನು ದಕ್ಷಿಣದ ಜಾರ್ಜಿಯಾ, ಫ್ಲೋರಿಡಾ, ಮಿಸಿಸಿಪ್ಪಿಗಳ ಚಿಕಿತ್ಸಾ ಕೇಂದ್ರಗಳಿಗೆ ಕಳಿಸದೆ ಹೊಸದಾಗಿ ಬಂದವಕ್ಕೆ ಜಾಗವಿರಲಿಲ್ಲ. ರಸ್ತೆಯಲ್ಲಿ ಒಂದೂವರೆ ದಿನ ಸಾಗಿಸಿದರೆ ಬಳಲಿದ ಆಮೆ ಇನ್ನಷ್ಟು ಬಳಲುತ್ತದೆ. ಟರ್ಟಲ್ಸ್ ಫ್ಲೈ ಟೂ ಎಂಬ ಪೈಲಟ್‌ಗಳ ಬಳಗ ರೂಪುಗೊಂಡದ್ದು ಆ ವರ್ಷವೇ.

ಈ ಆಮೆಗಳು ಪ್ರಯಾಣ ಮಾಡುವುದು ಬಾಳೆಹಣ್ಣು ಬರುವ ರಟ್ಟಿನ ಪೆಟ್ಟಿಗೆಗಳಲ್ಲಿ. ಊಟದ ತಟ್ಟೆಯಷ್ಟಿರುವ ಎಳೆಯ ಆಮೆಗೆ ಅಳತೆ ಸರಿಹೊಂದುತ್ತದೆ, ಗಾಳಿಯಾಡಲು ತೂತುಗಳು ಇದ್ದೇ ಇವೆ, ಒಂದರ ಮೇಲೊಂದು ಜೋಡಿಸಬಹುದು, ಒಳಗೆ ಟವೆಲ್ ಹಾಸಿದರೆ ಆಯಿತು. ನಾಯಿಗಳಂತೆ ಇವು ಬೊಗಳುವುದಿಲ್ಲ, ಆದರೆ ಪೆಟ್ಟಿಗೆಯ ಗೋಡೆಗೆ ರೆಕ್ಕೆಗಾಲು ಬಡಿಯುವ ಸದ್ದು ಆಗಾಗ ಕೇಳುತ್ತದಂತೆ. ಆ ಸದ್ದು ಕೇಳಿದರೆ ಪೈಲಟ್‌ಗೆ ನೆಮ್ಮದಿ. ವಿಮಾನದೊಳಗಿನ ಉಷ್ಣತೆಯನ್ನು ಇಳಿಯಗೊಡದೆ ಇಪ್ಪತ್ತೆರಡು ಇಪ್ಪತ್ಮೂರು ಡಿಗ್ರಿಯ ಸುತ್ತ ಇಟ್ಟುಕೊಳ್ಳಬೇಕಾಗುತ್ತದೆ. ಇಷ್ಟೆಲ್ಲ ಏಕೆಂದರೆ ಕಡಲಾಮೆಗಳಲ್ಲೇ ಅತ್ಯಂತ ಅಪಾಯದಲ್ಲಿರುವ ಜಾತಿ ಇದು. ಮೆಕ್ಸಿಕೋದ ರಾಂಚೊ ನ್ಯೂವೊ ಕಡಲತೀರದಲ್ಲಿ 1947ರಲ್ಲಿ ಒಂದೇ ದಿನ ಸುಮಾರು 40,000 ಹೆಣ್ಣಾಮೆಗಳು ಮೊಟ್ಟೆಯಿಡಲು ಬಂದಿದ್ದವೆಂದು ಆಗ ತೆಗೆದ ಚಿತ್ರಸುರುಳಿಯಿಂದ ಲೆಕ್ಕ ಹಾಕಲಾಗಿದೆ. 1985ರ ಇಡೀ ಋತುವಿನಲ್ಲಿ ಕಂಡ ಗೂಡುಗಳು 702. ಅಷ್ಟು ಕೆಳಗಿಳಿದ ಸಂತತಿಯಲ್ಲಿ ಪೆಟ್ಟಿಗೆಯೊಳಗಿನ ಪ್ರತಿಯೊಂದು ಆಮೆಯೂ ಲೆಕ್ಕಕ್ಕೆ ಬರುತ್ತದೆ.

ಇದರ ಒಡಹುಟ್ಟಿದ ಜಾತಿಯೇ ನಮ್ಮ ಅರಬ್ಬೀ ಸಮುದ್ರದ ಆಲಿವ್ ರಿಡ್ಲಿ. ಮುಂಬಯಿಯಿಂದ ಉತ್ತರಕ್ಕೆ ನೂರಿಪ್ಪತ್ತು ಕಿಲೋಮೀಟರ್ ದೂರದ ಡಹಾಣುವಿನಲ್ಲಿ ಅರಣ್ಯ ಇಲಾಖೆಯ ಜೊತೆಗೂಡಿ ಸ್ಥಳೀಯ ಪ್ರಾಣಿದಯಾ ಸಂಘದವರು ನಡೆಸುವ ಕಡಲಾಮೆ ಚಿಕಿತ್ಸಾ ಕೇಂದ್ರವಿದೆ. ಮಳೆಗಾಲದಲ್ಲಿ ಸಮುದ್ರ ಕೆರಳಿದಾಗ ಗಾಯಗೊಂಡ ಆಮೆಗಳು ಈ ಕರಾವಳಿಯುದ್ದಕ್ಕೂ ದಡಕ್ಕೆ ಬೀಳುತ್ತವೆ. ಅಲ್ಲಿ ನಾನು ಕಂಡ ಹೆಣ್ಣಾಮೆಯ ಬಲ ಮುಂಗಾಲು ಬುಡದಿಂದಲೇ ಹೋಗಿತ್ತು. ಯಾರೋ ಸಮುದ್ರದಲ್ಲಿ ಬಿಟ್ಟುಹೋದ ನೈಲಾನ್ ಬಲೆ ಅದನ್ನು ಕತ್ತರಿಸಿತ್ತು, ಕತ್ತಿನ ಮಡಿಕೆಯಲ್ಲಿ ಅದೇ ಬಲೆಯ ಹಸಿರು ಎಳೆಯ ಗುರುತು ಇನ್ನೂ ಉಳಿದಿತ್ತು. ಮೂರು ಕಾಲಿನಲ್ಲಿ ಈಜುತ್ತ ಅದು ತೊಟ್ಟಿಯಲ್ಲಿ ಒಂದೇ ದಿಕ್ಕಿಗೆ ಸುತ್ತುತ್ತಿತ್ತು; ಉಸಿರಿಗಾಗಿ ಮೇಲೆ ಬಂದಾಗ ಮೂಗಿನ ಹೊಳ್ಳೆ ಅರಳಿ, ಫುಸ್ಸೆಂದು ಗಾಳಿ ಬಿಟ್ಟು, ಬಂಗಡೆಯ ತುಂಡನ್ನು ಕಚ್ಚಿ ಮತ್ತೆ ಕೆಳಗಿಳಿಯುತ್ತಿತ್ತು. ಅದನ್ನು ಮೀನುಗಾರರು ಕಂಡು ಫೋನ್ ಮಾಡಿದ್ದರು. ಜೀಪಿನ ಹಿಂದೆ ಹಳೆಯ ಟೈರೊಂದರ ಮೇಲೆ ಅದನ್ನು ಕೂರಿಸಿ, ಒದ್ದೆ ಗೋಣಿತಾಟು ಹೊದಿಸಿ, ದಾರಿಯುದ್ದಕ್ಕೂ ನೀರು ಚಿಮುಕಿಸುತ್ತ ತಂದರಂತೆ. ಎದೆಚಿಪ್ಪಿನ ಮೇಲೆ ತನ್ನದೇ ಭಾರ ಬಿದ್ದರೆ ನೆಲದ ಮೇಲಿನ ಆಮೆಗೆ ಉಸಿರಾಟ ಕಷ್ಟವಾಗುತ್ತದೆ, ಟೈರು ಆ ಭಾರವನ್ನು ಅಂಚಿಗೆ ಹಂಚುತ್ತದೆ. ಬಾಳೆಹಣ್ಣಿನ ಪೆಟ್ಟಿಗೆಯನ್ನು ಆಯ್ದುಕೊಂಡವರ ಬುದ್ಧಿಯೂ ಈ ಟೈರಿನವರ ಬುದ್ಧಿಯೂ ಒಂದೇ ಜಾತಿಯದು.

ನಮ್ಮಲ್ಲಿ ಯಾಕೆ ಯಾರೂ ಹೀಗೆ ಹಾರುವುದಿಲ್ಲ ಎಂದು ಗೆಳೆಯರು ಕೇಳುವುದುಂಟು. ಕಾರಣಗಳು ಸ್ಪಷ್ಟವಾಗಿವೆ. ಅಮೆರಿಕದಲ್ಲಿ ಸಾರ್ವಜನಿಕರಿಗೆ ತೆರೆದಿರುವ ವಿಮಾನ ನಿಲ್ದಾಣಗಳೇ ಐದು ಸಾವಿರದಷ್ಟಿವೆ, ಒಳ್ಳೆಯ ಹವೆಯಿದ್ದರೆ ಬಹಳಷ್ಟು ಹಾರಾಟಗಳಿಗೆ ಮುಂಗಡ ಯೋಜನೆ ಸಲ್ಲಿಸಬೇಕೆಂದೂ ಇಲ್ಲ. ಇಲ್ಲಿ ಪ್ರತಿ ಹಾರಾಟಕ್ಕೂ ವಾಯು ರಕ್ಷಣಾ ವಿಭಾಗದ ಅನುಮತಿ ಸಂಖ್ಯೆ ಬೇಕು. ಖಾಸಗಿ ಪುಟ್ಟ ವಿಮಾನಗಳು ವಿರಳ. ಅವುಗಳಿಗೆ ಬೇಕಾದ ವಿಶೇಷ ಪೆಟ್ರೋಲನ್ನು 2022ರಲ್ಲಿ ಇಂಡಿಯನ್ ಆಯಿಲ್ ವಡೋದರಾದಲ್ಲಿ ತಯಾರಿಸತೊಡಗುವವರೆಗೆ ಪೂರ್ತಿ ಹೊರದೇಶದಿಂದಲೇ ತರಿಸಬೇಕಾಗಿತ್ತು. ಕಾಡುಪ್ರಾಣಿಗಳನ್ನಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಲಾಖೆಯ ಅಪ್ಪಣೆಯಿಲ್ಲದೆ ಯಾರೂ ಒಂದು ಊರಿನಿಂದ ಇನ್ನೊಂದಕ್ಕೆ ಒಯ್ಯುವಂತಿಲ್ಲ, ಅದು ಸರಿಯೂ ಹೌದು. ಇಲಾಖೆಯೇ ಮುಂದಾದಾಗ ಆಕಾಶದ ದಾರಿ ನಮಗೂ ತೆರೆದಿದೆ: ಸಿಂಗಾಪುರಕ್ಕೆ ಕಳ್ಳಸಾಗಣೆಯಾಗಿ ಸಿಕ್ಕಿಬಿದ್ದ 51 ನಕ್ಷತ್ರ ಆಮೆಗಳು 2018ರ ನವೆಂಬರ್‌ನಲ್ಲಿ ವಿಮಾನವೇರಿ ಬೆಂಗಳೂರಿಗೆ ಮರಳಿದವು.

ನಾಯಿಗಳ ವಿಷಯದಲ್ಲೂ ನಮ್ಮ ಪರಿಸ್ಥಿತಿ ಬೇರೆ. ಆರೋಗ್ಯವಂತ ಬೀದಿನಾಯಿಯನ್ನು ಜಾಗವಿಲ್ಲವೆಂದು ಇಲ್ಲಿ ಕೊಲ್ಲುವಂತಿಲ್ಲ. ಈ ಊರಿಗೆ ಆ ವಿಷಯದಲ್ಲಿ ಹಳೆಯ ಹಟವೂ ಇದೆ. 1832ರಲ್ಲಿ ಬ್ರಿಟಿಷ್ ಆಡಳಿತ ಬೀದಿನಾಯಿಗಳನ್ನು ಕೊಲ್ಲಿಸತೊಡಗಿದಾಗ ಮುಂಬಯಿಯ ಪಾರ್ಸಿಗಳು ಅಂಗಡಿ ಮುಚ್ಚಿ ಬೀದಿಗಿಳಿದಿದ್ದರು. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಶಸ್ತ್ರಚಿಕಿತ್ಸೆಯಾದ ಬೀದಿನಾಯಿಯನ್ನು ಹಿಡಿದ ಜಾಗಕ್ಕೇ ಮರಳಿ ಬಿಡಬೇಕೆನ್ನುತ್ತವೆ. ಆದ್ದರಿಂದ ಗಲ್ಲಿಯಲ್ಲಿ ನೆಲೆಯೂರಿದ ನಾಯಿಯನ್ನು ಎತ್ತಿ ದೂರ ಕಳಿಸಬೇಕೆಂದು ನಾನು ಹೇಳುತ್ತಿಲ್ಲ. ನಾನು ಹೇಳುತ್ತಿರುವುದು ಬೀದಿಯಲ್ಲಿ ಬದುಕಲಾರದವುಗಳ ಬಗ್ಗೆ: ಮನೆ ಬದಲಾಯಿಸುವಾಗ ಮಾಲೀಕರು ಬಿಟ್ಟುಹೋದ ಲ್ಯಾಬ್ರಡಾರ್, ಲೋಕಲ್ ರೈಲಿಗೆ ಸಿಕ್ಕಿ ಕಾಲು ಕಳೆದುಕೊಂಡದ್ದು, ತಾಯಿ ಸತ್ತ ಮರಿಗಳು. ಮುಂಬಯಿಯ ಒಂದು ಬೆಡ್‌ರೂಮಿನ ಫ್ಲ್ಯಾಟುಗಳಲ್ಲಿ ಇವಕ್ಕೆ ಮನೆ ಸಿಗುವುದು ಕಷ್ಟ. ಉಡುಪಿಯಲ್ಲಿ, ಶಿರಸಿಯಲ್ಲಿ, ಮೈಸೂರಿನಲ್ಲಿ ಹಿತ್ತಿಲಿರುವ ಮನೆಗಳು ಸಿಗುತ್ತವೆ. ಇಲ್ಲಿಯೂ ಅಡ್ಡಿಯಾಗಿರುವುದು ನಡುವಿನ ದಾರಿಯೇ.

ರೈಲಿನಲ್ಲಿ ನಾಯಿಯನ್ನು ಜೊತೆಗೆ ಕೂರಿಸಿಕೊಳ್ಳಬೇಕಾದರೆ ಮೊದಲ ದರ್ಜೆಯ ಎಸಿಯಲ್ಲಿ ಇಡೀ ಕೂಪೆಯನ್ನೇ ಕಾದಿರಿಸಬೇಕು, ಆ ಬೋಗಿ ಎಲ್ಲ ರೈಲುಗಳಲ್ಲಿ ಇರುವುದೂ ಇಲ್ಲ. ಇಲ್ಲವಾದರೆ ಗಾರ್ಡ್ ಬೋಗಿಯ ನಾಯಿಪೆಟ್ಟಿಗೆ. ಕಬ್ಬಿಣದ ಆ ಗೂಡಿನಲ್ಲಿ ಏಪ್ರಿಲ್ ಮೇ ತಿಂಗಳಲ್ಲಿ ನಾಯಿಯನ್ನು ಕಳಿಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಮುಂಬಯಿಯದೇ ಆದ ಅಕಾಸ ಏರ್ 2022ರ ನವೆಂಬರ್‌ನಿಂದ ಸಣ್ಣ ಸಾಕುಪ್ರಾಣಿಗಳನ್ನು ಕ್ಯಾಬಿನ್ನಿಗೆ ಬಿಡತೊಡಗಿದ್ದು ಮರಿಗಳಿಗೆ ಅನುಕೂಲವಾಯಿತು. ದೊಡ್ಡ ನಾಯಿಗಳಿಗೆ ಉಳಿದಿರುವುದು ರಸ್ತೆ. ಇಲ್ಲಿ ಇಂಥ ನಾಯಿಗಳನ್ನು ಹೊಸ ಮನೆಗೆ ತಲುಪಿಸುವ ನಮ್ಮ ಬಳಗ ಪೈಲಟ್‌ಗಳ ಕ್ರಮವನ್ನೇ ಹಿಡಿದಿದೆ. ಮುಂಬಯಿಯಿಂದ ಬೆಂಗಳೂರಿಗೆ ಸಾವಿರ ಕಿಲೋಮೀಟರ್ ಕಾರು ಓಡಿಸಲು ಯಾರನ್ನೂ ಕೇಳಲಾಗದು, ಆದರೆ ಪುಣೆಯವರೆಗೆ ಹೋಗುವವರು ವಾರಕ್ಕೆ ನಾಲ್ಕು ಮಂದಿ ಸಿಗುತ್ತಾರೆ. ಪುಣೆಯಿಂದ ಕೊಲ್ಹಾಪುರಕ್ಕೆ, ಅಲ್ಲಿಂದ ಬೆಳಗಾವಿಗೆ, ಹುಬ್ಬಳ್ಳಿಗೆ ಹೊರಟವರೂ ಇದ್ದೇ ಇರುತ್ತಾರೆ. ಒಮ್ಮೆ ಬೆಳಗಾವಿಯ ಹೊರವಲಯದ ಹೋಟೆಲೊಂದರ ಮುಂದೆ ಮುದಿ ಲ್ಯಾಬ್ರಡಾರ್ ಒಂದನ್ನು ಕಾರಿನಿಂದ ಕಾರಿಗೆ ದಾಟಿಸುವಾಗ ನಾನಿದ್ದೆ. ಅದು ಹೊಸ ಕಾರಿನ ಸೀಟನ್ನು ಮೂಸಿ ನೋಡಿ, ಇಳಿದು, ಮತ್ತೆ ಹಳೆಯ ಕಾರಿನ ಬಾಗಿಲ ಬಳಿ ಹೋಗಿ ನಿಂತಿತು. ಕೊಲ್ಹಾಪುರದಿಂದ ಕರೆತಂದ ಹುಡುಗ ತನ್ನ ಕುತ್ತಿಗೆಯ ಪಂಚೆಯನ್ನು ತೆಗೆದು ಹೊಸ ಕಾರಿನ ಸೀಟಿನ ಮೇಲೆ ಹಾಸಿದ ಮೇಲೆ ತಾನಾಗಿ ಹತ್ತಿ ಕೂತಿತು. ಅಂದಿನಿಂದ ಪ್ರತಿ ನಾಯಿಯ ಜೊತೆ ಒಂದು ಹಳೆಯ ಬಟ್ಟೆಯನ್ನು ಮೊದಲ ಕಾರಿನಿಂದ ಕೊನೆಯ ಕಾರಿನವರೆಗೆ ಕಳಿಸುತ್ತೇವೆ.

ಇಂಧನಕ್ಕೆ ಸುರಿಯುವ ಹಣವನ್ನು ಸಂತಾನಹರಣಕ್ಕೆ ಕೊಟ್ಟರೆ ಹೆಚ್ಚು ಜೀವ ಉಳಿಯುವುದಿಲ್ಲವೇ ಎಂಬ ಪ್ರಶ್ನೆ ಅಮೆರಿಕದಲ್ಲೂ ಇದೆ, ನಮ್ಮ ಬಳಗದಲ್ಲೂ ಎದ್ದಿದೆ. ಮೂಲದಲ್ಲಿ ಹುಟ್ಟು ಕಡಿಮೆಯಾಗದೆ ಸಾಗಣೆಯೊಂದರಿಂದಲೇ ಏನೂ ಆಗದು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಈಗಾಗಲೇ ಹುಟ್ಟಿ ಕಣ್ಣೆದುರು ನಿಂತಿರುವ ಪ್ರಾಣಿಗೆ ಆ ಲೆಕ್ಕಾಚಾರದಿಂದ ಪ್ರಯೋಜನವಿಲ್ಲ. ವಿಮಾನ ಹಾರಿಸುವವನಿಗೆ ಹಾರುವುದೇ ಗೊತ್ತು, ಊರಿಗೆ ಕಾರಿನಲ್ಲಿ ಹೋಗುವವನ ಕಾರಿನ ಹಿಂದಿನ ಸೀಟು ಹೇಗೂ ಖಾಲಿಯೇ ಹೋಗುತ್ತದೆ. ಅವನ್ನು ಬಳಸಿಕೊಳ್ಳದಿದ್ದರೆ ಸಂತಾನಹರಣದ ನಿಧಿಗೇನೂ ಅದರಿಂದ ಹಣ ಸೇರುವುದಿಲ್ಲ. ಇದಕ್ಕಿಂತ ಗಂಭೀರವಾದದ್ದು ರೋಗದ ಪ್ರಶ್ನೆ. ಡಿಸ್ಟೆಂಪರ್, ಪಾರ್ವೊ ಎಂಬ ಅಂಟುರೋಗಗಳು ನಾಯಿಯ ಜೊತೆ ಹೊಸ ಊರಿಗೆ ಹೋಗಿಬಿಡುತ್ತವೆ. ಲಸಿಕೆ ಹಾಕಿಸಿ ಎರಡು ವಾರ ಪ್ರತ್ಯೇಕವಾಗಿಟ್ಟು ನೋಡದೆ ಯಾವ ನಾಯಿಯನ್ನೂ ಹೊರಡಿಸಬಾರದು. ತರಾತುರಿಯಲ್ಲಿ ಈ ಎರಡು ವಾರವನ್ನು ಬಿಟ್ಟುಕೊಡಿ ಎನ್ನುವವರ ಜೊತೆ ನಾನು ಜಗಳಕ್ಕೂ ಸಿದ್ಧ.

ಈಗ ನಮ್ಮ ಬಳಿ ಕುಂದಾಪುರಕ್ಕೆ ಹೋಗಬೇಕಾದ ಕಪ್ಪು ಹೆಣ್ಣುನಾಯಿಯೊಂದಿದೆ. ಹಿಂಗಾಲು ಒಂದಿಲ್ಲ, ತೂಕ 17 ಕಿಲೋ, ಕಾರಿನಲ್ಲಿ ವಾಂತಿ ಮಾಡುವ ಅಭ್ಯಾಸವಿಲ್ಲ, ಗಂಡಸರ ದನಿ ಜೋರಾದರೆ ಮಾತ್ರ ಹೆದರುತ್ತದೆ. ಲಸಿಕೆ, ಶಸ್ತ್ರಚಿಕಿತ್ಸೆ ಎರಡೂ ಆಗಿವೆ, ಪಶುವೈದ್ಯರ ಪ್ರಮಾಣಪತ್ರವನ್ನು ಹೊರಡುವ ಹಿಂದಿನ ದಿನ ಮಾಡಿಸಿಕೊಡುತ್ತೇವೆ, ಅಲ್ಲಿನ ಮನೆಯವರು ಅಂಗಳದ ಬಾವಿಗೆ ಜಾಲರಿಯನ್ನೂ ಹಾಕಿಸಿದ್ದಾರೆ. ದೀಪಾವಳಿಗೆ ಪನ್ವೇಲ್ ಮಾರ್ಗವಾಗಿ ಗೋವಾ ಹೆದ್ದಾರಿ ಹಿಡಿದು ಊರಿಗೆ ಹೊರಡುವ ಕನ್ನಡಿಗರು ತಿಳಿಸಿದರೆ ಉಪಕಾರವಾಗುತ್ತದೆ. ಚಿಪಳೂಣದವರೆಗೆ ಮಾತ್ರ ಹೋಗುವವರಾದರೂ ಸರಿ, ಅಲ್ಲಿಂದ ಮುಂದಕ್ಕೆ ರತ್ನಾಗಿರಿಯವರೊಬ್ಬರು ಒಪ್ಪಿಕೊಂಡಿದ್ದಾರೆ.